ಒಂದು ಒತ್ತಿಗೆ ಮೂರು ಕರೆ

ಅತ್ತೆಯವರು ಮಂಚದಿಂದ ಜಾರಿ ಬಿದ್ದಾಗ ನಾನು ಹಿತ್ತಿಲಲ್ಲಿ ಬಂಗಡೆ ಮೀನು ತೊಳೆಯುತ್ತಿದ್ದೆ. ಬೀಳುವ ಮೊದಲು ಅವರು ನನ್ನನ್ನು ಕರೆದಿದ್ದರಂತೆ. ನನಗೆ ಕೇಳಿಸಿದ್ದು ಬಿದ್ದ ಸದ್ದು ಮಾತ್ರ.

ಒಂದು ಕಾಲದಲ್ಲಿ ಈ ಹೆಂಗಸಿನ ಕೂಗು ಕೇಳದವರಿರಲಿಲ್ಲ. ಅಂಕೋಲೆಯ ದಂಡೆಯಿಂದ ಮೀನಿನ ಬುಟ್ಟಿ ಹೊತ್ತು, ಬಸ್ಸು ಹತ್ತಿ, ಹಿಲ್ಲೂರು, ರಾಮನಗುಳಿಯವರೆಗೆ ಹೋಗಿ ಮಾರಿ ಬರುತ್ತಿದ್ದರು. ರಸ್ತೆಯ ತಿರುವಿನಲ್ಲಿ ನಿಂತು “ಮೀ...ನೋ” ಎಂದರೆ ಗದ್ದೆಯಾಚೆಯ ಮನೆಯವರು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಎಡಗೈ, ಎಡಗಾಲು ಸೋತವು. ಬಲಗೈಯ ಕಸುವೂ ಅರ್ಧಕ್ಕಿಳಿಯಿತು. ಮಾತು ಮರಳಿ ಬಂತು, ಕೂಗು ಬರಲಿಲ್ಲ. ಮಂಚದ ಪಕ್ಕ ಕೂತವರಿಗೆ ಕೇಳುವಷ್ಟೇ ದನಿ. ಬೈಯುವುದಕ್ಕೆ ಅಷ್ಟು ಸಾಕು. ಕರೆಯುವುದಕ್ಕೆ ಸಾಲದು.

ಆ ದಿನ ಮೂಳೆ ಮುರಿಯಲಿಲ್ಲ. ಅದು ದೇವರು ಮಾಡಿದ ಉಪಕಾರ, ನಾನು ಮರೆಯುವುದಿಲ್ಲ. ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು: ಇನ್ನೊಮ್ಮೆ ಬಿದ್ದರೆ ಸೊಂಟ ಕೂಡುವ ಭರವಸೆ ಇಲ್ಲ, ಅವರು ಒಬ್ಬರೇ ಏಳಕೂಡದು. ಅಂದರೆ ಅವರಿಗೆ ಏಳಬೇಕೆನಿಸಿದ ಗಳಿಗೆಯಲ್ಲಿ ನಾನು ಮನೆಯ ಯಾವ ಮೂಲೆಯಲ್ಲಿದ್ದರೂ ನನಗೆ ಗೊತ್ತಾಗಬೇಕು. ನನ್ನ ಮುಂದೆ ಇದ್ದ ಕೆಲಸ ಇಷ್ಟೇ. ಕೇಳುವುದಕ್ಕೆ ಸಣ್ಣದು.

ಮೊದಲು ದೇವರ ಕೋಣೆಯ ಕೈಗಂಟೆಯನ್ನು ತಂದು ಅವರ ಹತ್ತಿರ ಇಟ್ಟೆ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು.

“ದೇವರಿಗೆ ಬಾರ್ಸೂ ಗಂಟೆ ತಂದು ಉಚ್ಚೆಗೆ ಬಾರ್ಸೂದನೇ? ತಕಂಡು ಹೋಗ್, ಮಳ್ಳಿ.”

ಮಾತು ನ್ಯಾಯವಾದದ್ದೇ. ಗಂಟೆ ತೊಳೆದು ಮತ್ತೆ ಅದರ ಜಾಗದಲ್ಲಿಟ್ಟು ದೇವರ ಹತ್ತಿರ ತಪ್ಪಾಯಿತೆಂದು ಹೇಳಿದೆ. ಪೇಟೆಯಿಂದ ಬೇರೆ ಗಂಟೆ ತರಿಸಿದೆ. ಅದನ್ನು ಎತ್ತಿ ಅಲ್ಲಾಡಿಸುವಷ್ಟು ಬಲ ಆ ಕೈಯಲ್ಲಿರಲಿಲ್ಲ.

ಕಾರವಾರದ ತರಬೇತಿ ಸಂಸ್ಥೆಯೊಂದರಲ್ಲಿ ನನ್ನ ನಾದಿನಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಅತ್ತೆಯ ಮೀನಿನ ಬುಟ್ಟಿಯೇ ಅವಳನ್ನು ಓದಿಸಿದ್ದು. ಅವಳು ಭಾನುವಾರ ಬಸ್ಸಿನಲ್ಲಿ ಬಂದವಳು ಬೆರಳು ತಾಗಿದರೂ ಒತ್ತಿಕೊಳ್ಳುವ ಮೆತ್ತನೆಯ ಗುಂಡಿಯೊಂದನ್ನು ಮಂಚದ ಪಟ್ಟಿಗೆ ಕೂರಿಸಿ, ಅಡುಗೆಮನೆಯಲ್ಲಿ ಒಂದು ಬಜರ್ ಹಾಕಿದಳು. ಅತ್ತೆ ಒತ್ತಿದರು. ಬೆರಳು ತಾಗಿದ್ದೇ ಜಾರಿತು. ಅಡುಗೆಮನೆಯಲ್ಲಿ ಹಲ್ಲಿ ಲೊಚಗುಟ್ಟಿದಷ್ಟು ಸದ್ದಾಯಿತು. ಮಿಕ್ಸಿ ತಿರುಗುತ್ತಿದ್ದರೆ, ಹೊರಗೆ ಕಡಲಗಾಳಿ ಬೀಸುತ್ತಿದ್ದರೆ ಅದು ಯಾರಿಗೆ ಕೇಳಬೇಕು?

“ಒನ್-ಶಾಟ್ ಟೈಮರ್ ಬೇಕು ಅತ್ಗೆ,” ಎಂದಳು ನಾದಿನಿ. “ಬೆರಳು ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿದ್ರೂ ಸಾಕು, ಅದು ಎದ್ದು ನಿಂತ್ಕಳ್ತದೆ. ನಾವು ಹೇಳಿದಷ್ಟು ಹೊತ್ತು ನಿಂತು, ಆಮೇಲೆ ತಾನೇ ಕೂತ್ಕಳ್ತದೆ.”

“ಕರ್ಪೂರದ ಹಾಗೆ ಅನ್ನು,” ಎಂದೆ ನಾನು. “ಕಡ್ಡಿ ಒಂದು ಸಲ ತಾಗಿದ್ರೆ ಆತು. ಬಿಲ್ಲೆ ಎಷ್ಟು ದೊಡ್ಡದೋ ಅಷ್ಟು ಹೊತ್ತು ಉರಿದು ತಾನೇ ಆರ್ತದೆ.”

ಅವಳು ನಕ್ಕಳು. “ನಾಳೆ ಕ್ಲಾಸಿನಲ್ಲಿ ಇದನ್ನೇ ಹೇಳ್ತೆ.”

ಅವಳಿಗೆ ವಾರವೆಲ್ಲ ಪಾಠ. ಹೋಗುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲೆ, ಅಕ್ಕಿ ಡಬ್ಬಿಯ ಪಕ್ಕ ಇಟ್ಟಳು. ಅದರಲ್ಲಿ ಸರ್ಕ್ಯೂಟನ್ನು ಪರದೆಯ ಮೇಲೆಯೇ ಜೋಡಿಸಿ ನಡೆಸಿ ನೋಡುವ ಸಾಫ್ಟ್‌ವೇರ್ ಇತ್ತು. “ಅಡುಗೆಮನೆ ನಿಂದು. ಎಷ್ಟು ಹೊತ್ತು ಬಾರಿಸಿದ್ರೆ ಹಿತ್ತಿಲಿಗೆ ಕೇಳ್ತದೆ ಅಂತ ನಿಂಗೇ ಗೊತ್ತು. ನೀ ಇದ್ರಲ್ಲಿ ಮಾಡಿ ನೋಡು. ಸರಿ ಆದದ್ದನ್ನ ನಾ ಬೆಸುಗೆ ಹಾಕಿ ತರ್ತೆ.”

“ಹಾಳಾದ್ರೆ?”

“ಇದ್ರಲ್ಲಿ ಏನೂ ಹಾಳಾಗೂದಿಲ್ಲ. ಎಷ್ಟು ಬೇಕಾದ್ರೂ ಸುಡು.”

ನಿನಗೆ ಅರ್ಥವಾಗುವುದಿಲ್ಲ ಎಂಬ ಮಾತು ಅವಳ ಬಾಯಿಂದ ಒಂದು ಸಲವೂ ಬರಲಿಲ್ಲ. ಓದಿದವರಲ್ಲಿ ಈ ಗುಣ ಇರುವವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಬೆಳಗಿನ ಗಂಜಿ ಮುಗಿಸಿ, ದೇವರಿಗೆ ದೀಪ ಹಚ್ಚಿ, ನಾನು ಆ ಪರದೆಯ ಮುಂದೆ ಕೂತೆ. ನಾದಿನಿ ಜೋಡಿಸಿಟ್ಟ ಚಿತ್ರ ಅಲ್ಲಿತ್ತು. ಎಡಕ್ಕೆ ಬ್ಯಾಟರಿ, ಒಂದು ಗುಂಡಿ. ನಡುವೆ ಒಂದು ಚೌಕ. ಅದೇ ಒನ್-ಶಾಟ್. ಬಲಕ್ಕೆ ಬಜರ್ ಬದಲಿಗೆ ಒಂದು ದೀಪ. ಕರೆಂಟು ಇರುವ ತಂತಿ ಹಸಿರಾಗಿ ಕಾಣುತ್ತದೆ, ಅದರೊಳಗೆ ಹಳದಿ ಚುಕ್ಕೆಗಳು ಇರುವೆ ಸಾಲಿನಂತೆ ಹರಿಯುತ್ತವೆ. ಇಷ್ಟು ವರ್ಷ ಸ್ವಿಚ್ ಹಾಕಿ ತೆಗೆದಿದ್ದೇನೆ. ಗೋಡೆಯೊಳಗೆ ಏನು ನಡೆಯುತ್ತದೆಂದು ಆ ದಿನವೇ ಕಣ್ಣಾರೆ ನೋಡಿದ್ದು. ಇದನ್ನು ಮಾಡಿದವರು ಯಾರೋ ಏನೋ, ಅವರ ಕೈಗೆ ಪುಣ್ಯ ಬರಲಿ.

ಚೌಕದ ಮೇಲೆ ಎರಡು ಸಲ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಎಷ್ಟು ಹೊತ್ತು ಎಂದು ಅಲ್ಲಿ ಬರೆಯಬೇಕು. ಹತ್ತು ಸೆಕೆಂಡ್ ಎಂದು ಬರೆದು ಗುಂಡಿ ಒತ್ತಿದೆ. ದೀಪ ಹತ್ತಿತು. ಕಾದೆ. ಆರಲಿಲ್ಲ. ಎದ್ದು ಅನ್ನ ಬಸಿದು ಬಂದೆ. ಇನ್ನೂ ಉರಿಯುತ್ತಿತ್ತು. ಮೊದಲ ದಿನವೇ ಕೆಡಿಸಿದೆನಲ್ಲ ಎಂದುಕೊಂಡೆ. ನಾದಿನಿಗೆ ಫೋನ್ ಮಾಡಿದೆ.

“ಅತ್ಗೆ, ಮೂಲೆಯಲ್ಲಿ ಟೈಮ್ ಓಡೂದು ನೋಡು. ಅದ್ರ ಸೆಕೆಂಡ್ ಬೇರೆ, ನಮ್ಮ ಸೆಕೆಂಡ್ ಬೇರೆ. ಅದು ಒಂದೊಂದು ಕ್ಷಣನೂ ಬಿಡಿಸಿ ಬಿಡಿಸಿ ಲೆಕ್ಕ ಹಾಕ್ತದೆ. ಪಕ್ಕದ ಪಟ್ಟಿ ಎಳೆದು ಓಟ ಜಾಸ್ತಿ ಮಾಡು.”

ಎಳೆದೆ. ದೀಪ ಆರಿತು. ಅಂದರೆ ಅದು ಕೆಟ್ಟಿರಲಿಲ್ಲ, ನಾನೇ ಅವಸರ ಮಾಡಿದ್ದೆ. ದೇವರ ವಿಷಯದಲ್ಲೂ ನನ್ನದು ಇದೇ ಕಥೆ.

ಅದೇ ಪಟ್ಟಿಯಲ್ಲಿ ಗುರುತು ಹಾಕುವ ಸಣ್ಣ ಮನೆಯೊಂದಿತ್ತು. ಗುರುತು ಹಾಕದಿದ್ದರೆ, ದೀಪ ಉರಿಯುವಾಗ ಮತ್ತೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಉರಿಯುವ ಕರ್ಪೂರಕ್ಕೆ ಮತ್ತೆ ಕಡ್ಡಿ ಹಿಡಿದ ಹಾಗೆ. ಗುರುತು ಹಾಕಿದರೆ ಪ್ರತಿ ಒತ್ತಿಗೂ ಹೊತ್ತು ಹೊಸದಾಗಿ ಶುರುವಾಗುತ್ತದೆ. ಆರುವ ಮೊದಲೇ ಇನ್ನೊಂದು ಬಿಲ್ಲೆ ಇಟ್ಟ ಹಾಗೆ. ನಾನು ಗುರುತು ಹಾಕದೆ ಬಿಟ್ಟೆ. ಮಿಕ್ಸಿ ಹಾಕಿ, ಬಜರನ್ನು ನೇರ ಬ್ಯಾಟರಿಗೆ ಸಿಕ್ಕಿಸಿ ಕೂಗಲು ಬಿಟ್ಟು, ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತು ಕೇಳಿ ನೋಡಿದೆ. ಹತ್ತು ಸೆಕೆಂಡ್ ಸಾಕೆಂದು ತೋರಿತು.

ಮುಂದಿನ ಭಾನುವಾರ ನಾದಿನಿ ಅದನ್ನು ನಿಜವಾಗಿ ಮಾಡಿ ತಂದಳು. ತೊಳೆದ ಉಪ್ಪಿನಕಾಯಿ ಡಬ್ಬಿಯೊಳಗೆ ಜೇಡದಂಥ ಎಂಟು ಕಾಲಿನ ಸಣ್ಣ ಎಲೆಕ್ಟ್ರಾನಿಕ್ ಚಿಪ್ಪು, ಒಂದು ಬ್ಯಾಟರಿ. ಅತ್ತೆ ಒತ್ತಿದರು. ಬಜರ್ ಕೂಗಿತು. ಮನೆಯೆಲ್ಲ ಕೇಳಿಸಿತು. ನಾನು ದೇವರ ಕೋಣೆಯ ಕಡೆ ತಿರುಗಿ ಕೈಮುಗಿದೆ. ಮುಗಿದ ಕೈ ಇಳಿಸಿದರೂ ಅದರ ಕೂಗು ನಿಲ್ಲಲಿಲ್ಲ.

“ಎಂತದೆ ಇದು, ಹೆರಿಗೆ ನೋವು ಬಂದಂಗೆ ಕೂಗ್ತದೆ?” ಎಂದರು ಅತ್ತೆ.

ಮಂಚದ ಪಕ್ಕದಲ್ಲೇ ಇದ್ದ ನಾನು ಬಗ್ಗಿ ನೋಡಿದರೆ ಅತ್ತೆಯ ಕೈ ಗುಂಡಿಯ ಮೇಲೆಯೇ ಇತ್ತು. ಬೆರಳು ಜಾರದಿದ್ದರೆ, ಒತ್ತುವುದಕ್ಕೆ ಎಷ್ಟು ಕಷ್ಟವೋ ಒತ್ತಿದ ಕೈ ಎತ್ತುವುದಕ್ಕೂ ಅಷ್ಟೇ ಕಷ್ಟ. ಪರದೆಯ ಮೇಲೆ ನಾನು ಚಟಕ್ಕನೆ ಒತ್ತಿ ಬಿಟ್ಟಿದ್ದೆ. ನನ್ನ ಬೆರಳಿನಿಂದ ಪರೀಕ್ಷೆ ಮಾಡಿದ್ದೆ, ಅವರ ಬೆರಳಿನಿಂದಲ್ಲ.

ನಾದಿನಿ ಬೇಸರ ಮಾಡಿಕೊಳ್ಳಲಿಲ್ಲ. ಲ್ಯಾಪ್‌ಟಾಪ್ ತೆರೆದು, ಆ ಚೌಕವನ್ನು ತೆಗೆದು, ಡಬ್ಬಿಯಲ್ಲಿದ್ದಂಥದೇ ಚಿಪ್ಪನ್ನು ಪರದೆಗೆ ತಂದಳು. “ಚೌಕ ಒಳ್ಳೇ ಮನೆತನದ ಹುಡುಗಿ ಅತ್ಗೆ. ಗುಂಡಿ ಒತ್ತಿದ ಕ್ಷಣ ಮಾತ್ರ ನೋಡ್ತದೆ, ಆಮೇಲೆ ಕೈ ಅಲ್ಲೇ ಇದ್ರೂ ಲಕ್ಷ್ಯ ಕೊಡೂದಿಲ್ಲ. ಈ ಚಿಪ್ಪು ಹಂಗಲ್ಲ. ಗುಂಡಿ ಒತ್ತಿದ್ದೇ ಇದ್ರೆ ಇದು ಎದ್ದು ನಿಂತೇ ಇರ್ತದೆ. ಈಗ ನೀ ಆಯಿ ಒತ್ತಿದಂಗೆ ಒತ್ತು.”

ಒತ್ತಿ ಹಿಡಿದೆ. ಅತ್ತೆಯ ಹಾಗೆ ಕೈ ಎತ್ತದೆ ಇದ್ದಷ್ಟು ಹೊತ್ತು ದೀಪ ಆರಲೇ ಇಲ್ಲ. ನಿಜದ ತಪ್ಪು ಪರದೆಯ ಮೇಲೆ ಹಾಗೆಯೇ ಬಂತು. ತಪ್ಪು ಕಂಡು ನಮಗಿಬ್ಬರಿಗೂ ಖುಷಿಯಾದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅವಳು ಗುಂಡಿಗೂ ಚಿಪ್ಪಿಗೂ ನಡುವೆ ಸಣ್ಣ ಕೆಪಾಸಿಟರ್ ಒಂದನ್ನು ಸೇರಿಸಿದಳು. ಒತ್ತಿದ ಕ್ಷಣದ ಧಕ್ಕೆಯನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಕೈ ಅಲ್ಲೇ ಕೂತಿದೆ ಎಂಬ ಸುದ್ದಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಮತ್ತೆ ಒತ್ತಿ ಹಿಡಿದೆ. ದೀಪ ತನ್ನ ಹೊತ್ತಿಗೆ ಆರಿತು. ಅವಳು ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಅಲ್ಲೇ ಡಬ್ಬಿಯನ್ನೂ ಸರಿಮಾಡಿದಳು. ಬಂಗಡೆ ಸಾರು, ಅನ್ನ ಉಂಡು ಸಂಜೆಯ ಬಸ್ಸಿಗೆ ಹೋದಳು.

ಕೆಲಸ ಮುಗಿಯಿತು ಎಂದುಕೊಂಡೆ.

ನಮ್ಮ ಮನೆಯವರು ದೋಣಿಗೆ ಹೋಗುವವರು. ಬೆಳಕು ಹರಿಯುವ ಮೊದಲೇ ಜೊತೆಯವನು ಬೇಲಿಯ ಹೊರಗೆ ನಿಂತು ಹೆಸರು ಹಿಡಿದು ಕರೆಯುತ್ತಾನೆ. ಇವರು ಎಚ್ಚರಾಗಿ ಲುಂಗಿ ಸುತ್ತಿಕೊಂಡಿದ್ದರೂ ಮೊದಲ ಕರೆಗೆ ಓಗೊಡುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ “ಬಂದೆ” ಎನ್ನುತ್ತಾರೆ. ನಮ್ಮ ದಂಡೆಯಲ್ಲಿ ಎಲ್ಲರೂ ಹಾಗೆಯೇ. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರಲ್ಲ, ಕಡಲಲ್ಲಿ ಮುಳುಗಿ ಸತ್ತವರು ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಓಗೊಟ್ಟರೆ ಜೊತೆಗೇ ಕರೆದುಕೊಂಡು ಹೋಗುತ್ತದಂತೆ. ಇದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ನೋಡಿ ನೋಡಿ ಗಮನವೇ ಇಲ್ಲದಷ್ಟು ರೂಢಿಯಾಗಿತ್ತು.

ಬಜರ್ ಸರಿಯಾದ ಮೇಲೆ ಅತ್ತೆ ಅದನ್ನು ಒತ್ತಿದ್ದು ನನಗೆ ಕೇಳಿಸಲಿಲ್ಲ. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ನಾನೇ ಹೋಗಿ ಹೋಗಿ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಹೋದಾಗ ಅವರು ಬಲಗೈಯಿಂದ ಮಂಚದ ಪಟ್ಟಿ ಹಿಡಿದು, ಬಲಗಾಲು ನೆಲಕ್ಕೆ ಊರಿ, ಇನ್ನೇನು ಮೈಭಾರ ಹಾಕುವುದರಲ್ಲಿದ್ದರು. ಹೆಗಲು ಹಿಡಿದು ಕೂರಿಸಿದೆ. ಆ ಗಳಿಗೆಗೆ ನನ್ನನ್ನು ಅಲ್ಲಿಗೆ ಕಳಿಸಿದ್ದು ಯಾರೆಂದು ನನಗೆ ಗೊತ್ತು.

“ಅತ್ತೆ, ಗುಂಡಿ ಇಲ್ಲೇ ಅದ್ಯಲ್ಲ. ಯಾಕೆ ಒತ್ತೂದಿಲ್ಲ?”

ಅವರು ಮುಖ ಆಚೆ ತಿರುಗಿಸಿದರು. “ಅದು ಒಂದೇ ಸಲ ಕರೀತದೆ.”

“ಹತ್ತು ಸೆಕೆಂಡ್ ಕೂಗ್ತದೆ ಅತ್ತೆ!”

“ಎಷ್ಟು ಉದ್ದ ಕೂಗಿದ್ರೂ ಒಂದೇ ಅಲ್ದನೇ? ಮೂರು ಸಲ ಒತ್ತಿ ನೋಡ್ದೆ. ನೀ ಅಂಗಡಿಗೆ ಹೋಗಿದ್ದೆ. ನಾ ಮೂರು ಒತ್ತಿದ್ರೆ ಅದು ಒಂದೇ ಅಂತದೆ. ಹಂಗೆ ಕರ್ಸ್ಕಂಡು ನನ್ನ ಸೊಸೆ ಓಡಿ ಬರೂದು ನಂಗೆ ಬ್ಯಾಡ. ನಾಳೆ ನಿಜವಾಗ್ಲೂ ಯಾವ್ದೋ ಕರ್ದಾಗ ನೀ ಎದ್ದು ಹೋದ್ರೆ? ಮನೇಲಿ ಆ ರೂಢಿ ಮಾಡೂದು ಬ್ಯಾಡ.”

ನೆಲಕ್ಕಿಳಿದಿದ್ದ ಅವರ ಕಾಲನ್ನು ಎತ್ತಿ ಹಾಸಿಗೆಯ ಮೇಲಿಟ್ಟೆ. ನನ್ನನ್ನು ಉಳಿಸುವುದಕ್ಕೆಂದು ಅವರು ಒಬ್ಬರೇ ಏಳಲು ನೋಡುತ್ತಿದ್ದರು.

ನಾದಿನಿಗೆ ಫೋನಿನಲ್ಲಿ ಹೇಳಿದೆ. ಮೊದಲು ಅವಳು ರೇಗಿದಳು. “ಆಯಿಗೆ ಹುಚ್ಚು! ಬ್ಯಾಟರಿಯಲ್ಲಿ ದೆವ್ವ ಕೂತ್ಕಳ್ತದ್ಯಾ?” ಆಮೇಲೆ ತಾನೇ ಹೇಳಿದಳು: “ಇಲ್ಲ ಅತ್ಗೆ, ಆಯಿ ಹೇಳೂದು ಸಮ. ನಾವು ಮಾಡಿದ್ದು ಕೂಗೂ ಯಂತ್ರ. ಆಯಿ ಕೇಳೂದು ಕರೆಯೂ ಯಂತ್ರ. ಕೂಗೂದು ಬೇರೆ, ಕರೆಯೂದು ಬೇರೆ.”

ಆದರೆ ಮೂರು ಸಲ ಬೇರೆಬೇರೆಯಾಗಿ ಒತ್ತಿ ಎತ್ತಲು ಆ ಕೈಗೆ ಪ್ರತಿ ಸಲ ಆಗುವುದಿಲ್ಲ. ಆಯಾಸವಾದ ದಿನ ಒಂದಾದರೂ ಒತ್ತಿದರೆ ಪುಣ್ಯ. ಹಾಗಾದರೆ ಒಂದೇ ಒತ್ತಿಗೆ ಮೂರು ಕರೆ ಬರುವ ಹಾಗೆ ಮಾಡುವುದಕ್ಕಾಗುತ್ತದೆಯೇ ಎಂದು ಕೇಳಿದೆ. ಅವಳು “ಅದೇ, ಅದೇ” ಎಂದಳು. ಹತ್ತು ಸೆಕೆಂಡಿನ ಕೂಗನ್ನು ಅಲ್ಲಿಗೇ ಕೈಬಿಟ್ಟೆವು.

ಅವಳು ಕಳಿಸಿದ ಹೊಸ ಚಿತ್ರದಲ್ಲಿ ಎರಡು ಚಿಪ್ಪುಗಳಿದ್ದವು. ಮೊದಲನೆಯದು ಒನ್-ಶಾಟೇ. ಆದರೆ ಈಗ ಅದು ತಾನು ಕೂಗುವುದಿಲ್ಲ, ಬಾಗಿಲು ತೆರೆದು ಹಿಡಿಯುತ್ತದೆ, ಅಷ್ಟೇ. ಬಾಗಿಲು ತೆರೆದಿರುವಷ್ಟು ಹೊತ್ತು ಎರಡನೆಯ ಚಿಪ್ಪು ಬಾರಿಸಿ ನಿಲ್ಲಿಸಿ, ಬಾರಿಸಿ ನಿಲ್ಲಿಸಿ ಮಾಡುತ್ತದೆ. ಬಾಗಿಲು ಮುಚ್ಚಿದರೆ ಸುಮ್ಮನಾಗುತ್ತದೆ. ಮೂರು ಸಲ ಬಾರಿಸುವಷ್ಟು ಹೊತ್ತು ಬಾಗಿಲು ತೆರೆದಿರಬೇಕು. ಆ ಅಳತೆ ಹಿಡಿಯುವುದು ನನ್ನ ಪಾಲಿನ ಕೆಲಸ.

ಪರದೆಯ ಕೆಳಗೆ ಒಂದು ಗೆರೆ ಓಡುತ್ತದೆ. ಬಾರಿಸುವಾಗ ಗುಡ್ಡದಂತೆ ಏಳುತ್ತದೆ, ನಿಂತಾಗ ಇಳಿಯುತ್ತದೆ. ಮೊದಲ ಸಲ ಎರಡು ಗುಡ್ಡ ಬಂತು. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುವ ರೆಸಿಸ್ಟರಿನ ಅಂಕಿ ಏರಿಸಿದೆ. ಮೂರು ಗುಡ್ಡ, ಅದರ ಹಿಂದೆ ಕತ್ತರಿಸಿದ ಬಾಲದಂಥ ಇನ್ನೊಂದು ಚೂರು. ಯಾರೋ ಕರೆಯುತ್ತ ಕರೆಯುತ್ತ ಬಾಯಿ ಮುಚ್ಚಿಸಿಕೊಂಡ ಹಾಗೆ. ಅದು ಬೇಡ. ಇಳಿಸಿದೆ, ಮೂರನೆಯ ಗುಡ್ಡವೇ ಅರ್ಧವಾಯಿತು. ಒಂದು ಕೈ ಕಾಯಿ ತುರಿಯುವುದರಲ್ಲಿ, ಇನ್ನೊಂದು ಈ ಅಂಕಿಯಲ್ಲಿ. ಮಾಡಿದ ತಪ್ಪಿಗೆ ಹೊಗೆಯಿಲ್ಲ, ಸೀದ ವಾಸನೆಯಿಲ್ಲ, ಪಾತ್ರೆ ತಿಕ್ಕುವುದಿಲ್ಲ. ಇಂಥ ಒಂದು ಅಡುಗೆಮನೆ ಸಿಕ್ಕರೆ ಯಾವ ಹೆಂಗಸು ಏನನ್ನು ಕಲಿಯಲಾರಳು? ಕೊನೆಗೆ ಮೂರು ಗುಡ್ಡಗಳು ಪೂರ್ತಿಯಾಗಿ ಬಂದು ಗೆರೆ ನೆಲಕ್ಕೆ ಮಲಗಿತು.

ಆದರೆ ಮೂರೂ ಸಮ ಇರಲಿಲ್ಲ. ಮೊದಲನೆಯದು ಉಳಿದೆರಡಕ್ಕಿಂತ ಅಗಲ. ನನ್ನ ತಪ್ಪೆಂದು ಮತ್ತೆ ಮತ್ತೆ ನೋಡಿದೆ. ಪ್ರತಿ ಸಲವೂ ಹಾಗೆಯೇ.

“ಅದು ನಿನ್ನ ತಪ್ಪಲ್ಲ,” ಎಂದಳು ಫೋನಿನಲ್ಲಿ ನಾದಿನಿ. “ಮೊದಲ ಸಲ ಕೆಪಾಸಿಟರ್ ಪೂರ್ತಿ ಖಾಲಿ ಇರ್ತದೆ. ಖಾಲಿ ಕೊಡ ತುಂಬೂಕೆ ಹೊತ್ತು ಹಿಡೀತದೆ. ಆಮೇಲೆ ಅದು ಪೂರ್ತಿ ಖಾಲಿ ಆಗೂದೇ ಇಲ್ಲ, ಬೇಗ ತುಂಬ್ತದೆ. ಬೇಕಾದ್ರೆ ಸಮ ಮಾಡ್ವಾ, ಇನ್ನೆರಡು ತುಂಡು ಹಾಕ್ಬೇಕಾತದೆ.”

ನಾನು ಸಾಫ್ಟ್‌ವೇರನ್ನು ಇನ್ನೊಮ್ಮೆ ನಡೆಸಿದೆ. ಉದ್ದ, ಗಿಡ್ಡ, ಗಿಡ್ಡ. ಮಂಚದ ಮೇಲಿದ್ದವರ ಹಳೆಯ ಕೂಗು ನೆನಪಾಯಿತು. ತಿರುವಿನಲ್ಲಿ ನಿಂತು ಮೊದಲನೆಯದನ್ನು ಎಳೆದು, ಮುಂದಿನದನ್ನು ಚುಟುಕಾಗಿ ಕರೆಯುತ್ತಿದ್ದರು: “ಮೀ...ನೋ! ಮೀನೋ, ಮೀನೋ!”

“ಸಮ ಮಾಡೂದು ಬ್ಯಾಡ,” ಎಂದೆ.

ಡಬ್ಬಿ ಬಂದು ಕೂತ ದಿನ ಅತ್ತೆ ನಮ್ಮೆಲ್ಲರೆದುರು ಒಮ್ಮೆ ಒತ್ತಿ ನೋಡಿದರು. ಕೈ ಗುಂಡಿಯ ಮೇಲೆಯೇ ಉಳಿಯಿತು. ಬಜರ್ ಮೂರು ಸಲ ಕರೆದು ಸುಮ್ಮನಾಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು “ಬಂದೆ” ಎಂದರು. ಅತ್ತೆ ನಗಲಿಲ್ಲ. “ಹ್ಮ್. ಇದು ಮನುಷ್ಯರ ಕರೆ,” ಎಂದರು.

ಪರೀಕ್ಷೆಗೆ ಒತ್ತುವುದು ಬೇರೆ, ಬೇಕಾದಾಗ ಒತ್ತುವುದು ಬೇರೆ. ಮರುದಿನ ನಾನು ಕಿವಿಯನ್ನು ಆ ಡಬ್ಬಿಗೆ ಕಟ್ಟಿಕೊಂಡೇ ಕೆಲಸ ಮಾಡಿದೆ. ಬೆಳಿಗ್ಗೆ ಕಳೆಯಿತು. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವಾಗ, ಗಾಳಿ ಜೋರಾಗಿ ಬೀಸುತ್ತಿದ್ದಾಗ, ಅದು ಬಂತು. ಉದ್ದನೆಯ ಮೊದಲ ಕರೆ.

ಕೈಯ ಬೂದಿಯನ್ನೂ ತೊಳೆಯದೆ ಓಡಿದೆ. ಅಡುಗೆಮನೆ ದಾಟುವಾಗ ಎರಡನೆಯದು, ಕೋಣೆಯ ಹೊಸ್ತಿಲಲ್ಲಿ ಮೂರನೆಯದು. ಅತ್ತೆ ಮಂಚದ ಮೇಲೆಯೇ ಇದ್ದರು. ಎರಡೂ ಕಾಲು ಹಾಸಿಗೆಯ ಮೇಲಿದ್ದವು. ಕಾಲು ಇಳಿಸುವ ಮೊದಲೇ ಕರೆದಿದ್ದರು.

“ಏಳ್ಬೇಕು,” ಎಂದರು. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿ, “ಮೂರು ಮುಗಿಯೂಕೆ ಮೊದಲೇ ಬಂದು ನಿಂತ್ಯಲೇ. ಒಂದಕ್ಕೇ ಎದ್ದು ಓಡಿ ಬಂದ್ಯಾ?”

“ಹೌದು ಅತ್ತೆ.”

“ಮಳ್ಳಿ. ಹೇಳಿದ್ದು ಕೇಳೂದಿಲ್ಲ. ದೆವ್ವ ಆಗಿದ್ರೆ?”

ನಾನು ಅವರ ಕಂಕುಳಿಗೆ ಕೈ ಕೊಟ್ಟೆ. ಅವರು ಭಾರವನ್ನು ನನ್ನ ಮೇಲೆ ಬಿಟ್ಟರು. ಇಬ್ಬರೂ ನಿಧಾನ ಎದ್ದೆವು.

ಈಗ ಅವರು ದಿನವೂ ಕರೆಯುತ್ತಾರೆ. ಏಳುವುದಕ್ಕೆ ಕರೆಯುತ್ತಾರೆ, ಒಲೆಯ ಮೇಲಿನದು ತಳ ಹಿಡಿದ ವಾಸನೆ ಬಂತೆಂದು ಕರೆಯುತ್ತಾರೆ, ಒಮ್ಮೊಮ್ಮೆ ನಾನು ಬರುತ್ತೇನೋ ಇಲ್ಲವೋ ನೋಡುವುದಕ್ಕೇ ಕರೆಯುತ್ತಾರೆ. ಕರೆದ ಪ್ರತಿ ಸಲವೂ ಬೈಯುತ್ತಾರೆ, ಯಾಕೆಂದರೆ ನಾನು ಪ್ರತಿ ಸಲವೂ ಮೊದಲನೆಯದಕ್ಕೇ ಏಳುತ್ತೇನೆ. ಆಮೇಲಿನ ಎರಡು ಕರೆಗಳು ಚಿಪ್ಪಿನವು, ನಾದಿನಿಯವು, ನನ್ನ ಅಂಕಿಯವು. ಮೊದಲನೆಯದೊಂದೇ ಅವರ ಬೆರಳಿನದು.